ಅಡುಗೆಮನೆ ಗೋಡೆಯ ಹಳಿ

ಹೋಟೆಲಿನ ಗೋಡೆಯ ಮೇಲೆ ಓಡುತ್ತಿದ್ದ ಪುಟ್ಟ ರೈಲು ಹಳಿ ತಪ್ಪಿ ಬಿದ್ದಾಗ ಅದು ಯಾಕೆ ಬಿತ್ತೆಂದು ನನಗೆ ಗೊತ್ತಿತ್ತು. ಅದನ್ನು ಕಟ್ಟಿದ ನನ್ನ ತಂಗಿಗೆ ಗೊತ್ತಿರಲಿಲ್ಲ. ಹೋಟೆಲಿನ ಯಜಮಾನರು ಎಲ್ಲರೆದುರು ಅವಳನ್ನು ಬೈದರು. ನಾನು ಪಕ್ಕದಲ್ಲೇ ಏಣಿ ಹಿಡಿದುಕೊಂಡು ನಿಂತಿದ್ದೆ. ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ನಾನು ಮರಗೆಲಸದವನು. ನನ್ನ ಓದು ಏಳನೇ ತರಗತಿಗೆ ನಿಂತಿತು, ಬರೆದು ಅಭ್ಯಾಸವಿಲ್ಲ. ಆದರೂ ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮೂರು ಮಳವಳ್ಳಿ. ಅಲ್ಲಿಗೆ ರೈಲಿಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಿ ಮದ್ದೂರಿಗೆ ಬರಬೇಕು. ಅದಕ್ಕೋ ಏನೋ ತಂಗಿಗೆ ರೈಲೆಂದರೆ ಮೊದಲಿನಿಂದ ಹುಚ್ಚು. ಮಂಡ್ಯದಲ್ಲಿ ಐಟಿಐ ಮುಗಿಸಿ ಈಗ ನಮ್ಮೂರ ಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾಳೆ. ಸುಟ್ಟ ಪಂಪ್‌ಸೆಟ್ಟು, ಗ್ರೈಂಡರು, ಫ್ಯಾನುಗಳ ನಡುವೆ ಬಿಡುವಾದಾಗ ಮೇಜಿನ ಮೇಲೆ ಹಿತ್ತಾಳೆ ಪಟ್ಟಿಯ ಹಳಿ ಹಾಸಿ, ತಾನೇ ಮಾಡಿದ ಇಂಜಿನ್ನು ಓಡಿಸುತ್ತಾಳೆ. ಮದ್ದೂರಿನ ಹಳೇ ರಸ್ತೆಯಲ್ಲಿ ವಡೆ ಹೋಟೆಲು ನಡೆಸುವ ಯಜಮಾನರು ಒಮ್ಮೆ ಮಳವಳ್ಳಿಯ ನೆಂಟರ ಮನೆಗೆ ಬರುವಾಗ ಸುಟ್ಟ ಗ್ರೈಂಡರ್ ಮೋಟರನ್ನೂ ತಂದಿದ್ದರು. ಅಂಗಡಿಯಲ್ಲಿ ಆ ರೈಲು ನೋಡಿದವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಹೊಸಾ ರೋಡಾದ್ಮೇಲೆ ಕಾರೆಲ್ಲ ಅಂಗಂಗೇ ಮೇಲುಗಡೇಲೇ ಓಗ್ಬುಡ್ತವೆ ಕಣಮ್ಮ. ಇಳ್ದು ನಮ್ ತಾವ ಬರಾಕೆ ಏನಾರ ಒಂದು ಬೇಕು. ನಮ್ ಊಟದ ಹಾಲಿನ ಸುತ್ತ ಗೋಡೆ ಮೇಲೆ ಇದ ಓಡುಸ್ತೀಯಾ?"

ತಂಗಿ ಹಿಂದುಮುಂದು ನೋಡದೆ ಒಪ್ಪಿದಳು. ಹಲಗೆ, ಹಳಿಯ ಕೆಲಸ ನನಗೆ. ಇಂಜಿನ್ನು, ಬೋಗಿ, ಕರೆಂಟು ಅವಳಿಗೆ. ಹೊರಗಿನವರು ಅವಳ ರೈಲನ್ನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಎಲ್ಲರೂ ಅದನ್ನು ಮಕ್ಕಳಾಟ ಎನ್ನುತ್ತಿದ್ದೆವು. ನಾನೂ ಎನ್ನುತ್ತಿದ್ದೆ.

ಬಾಗಿಲುಗಳಿಗಿಂತ ಮೇಲೆ, ತಗಡಿನ ಸೂರಿಗೆ ತುಸು ಕೆಳಗೆ, ನಾಲ್ಕೂ ಗೋಡೆಗೆ ಕಬ್ಬಿಣದ ಬ್ರಾಕೆಟ್ಟು ಹೊಡೆದು ಹಲಗೆ ಕೂರಿಸಿದೆ. ನೀರಿನ ಪೈಪು ಹಿಡಿದು ಮಟ್ಟ ನೋಡಿದೆ. ಮೂಲೆಗಳಲ್ಲಿ ಹಲಗೆಯನ್ನು ಅಗಲ ಮಾಡಿ ದೊಡ್ಡ ತಿರುವು ಬರುವಂತೆ ಕೊಯ್ದೆ, ತಿರುವು ಚಿಕ್ಕದಾದಷ್ಟೂ ಗಾಲಿ ಹಳಿಯ ಮೇಲೆ ಹತ್ತಲು ನೋಡುತ್ತದೆಂದು ತಂಗಿ ಹೇಳಿದ್ದಳು. ಆಮೇಲೆ ಬೆರಳುದ್ದದ ಸಾಗುವಾನಿ ಅಡ್ಡಪಟ್ಟಿಗಳು. ಒಂದೊಂದಕ್ಕೂ ಎರಡು ಗಾಡಿ, ಅಂದರೆ ಪಟ್ಟಿ ಕೂರುವ ಸಣ್ಣ ಕಾಲುವೆ, ಕೊಯ್ದು, ಅದರಲ್ಲಿ ಹಿತ್ತಾಳೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸುವುದು. ಎರಡು ಪಟ್ಟಿ ಸೇರುವ ಕಡೆ ಮಡಚಿದ ತಗಡಿನ ಕ್ಲಿಪ್ಪು ಹಾಕುವುದು. ಅವಳು ತಗಡೊಂದರಲ್ಲಿ ಎರಡು ಹಳಿಯ ನಡುವಿನ ಅಳತೆ ಕೊರೆದುಕೊಟ್ಟಿದ್ದಳು. ಅದನ್ನು ಹಳಿಯ ಮೇಲೆ ಉದ್ದಕ್ಕೂ ಎಳೆಯಬೇಕು. ಎಲ್ಲೂ ಸಿಕ್ಕಬಾರದು, ಎಲ್ಲೂ ಅಲುಗಬಾರದು.

"ಅಣ್ಣ, ಸೇರೋ ತಾವೆಲ್ಲ ಒಂದು ಹ್ಯಾಕ್ಸಾ ಬ್ಲೇಡಿನ ದಪ್ಪ ಸಂದು ಬುಡು" ಎಂದಳು.

"ಯಾಕ್ಮಿ?"

"ಬಿಸಿಗೆ ಹಿತ್ತಾಳೆ ಬೆಳೀತದೆ."

"ಬೆಳೆಯಾಕೆ ಅದೇನು ರಾಗಿ ಪೈರಾ?"

"ನಗು ನಗು. ಸಂದು ಮಾತ್ರ ಬುಡು."

ಮೂರು ಗೋಡೆಗೆ ಅವಳು ಜೊತೆಯಲ್ಲಿದ್ದಳು, ಬ್ಲೇಡು ಇಟ್ಟು ನೋಡಿ ಸಂದು ಬಿಡಿಸಿದಳು. ನಾಲ್ಕನೆಯದು ಅಡುಗೆಮನೆಯ ಗೋಡೆ. ಆ ದಿನ ಮಂಡ್ಯದ ಹತ್ತಿರದ ವಿ.ಸಿ. ಫಾರಂ ಕಡೆಯ ಒಬ್ಬರ ಪಂಪ್‌ಸೆಟ್ಟು ಸುಟ್ಟು, ಪೈರು ಒಣಗುತ್ತದೆಂದು ಬಂದು ಕರೆದರು. ತಂಗಿ ಹೋದಳು. ನಾನೊಬ್ಬನೇ ಉಳಿದೆ.

ನನಗೆ ಕೆಲಸ ಕಲಿಸಿದ ಗುರುಗಳಿಗೆ ಒಂದು ಪದ್ಧತಿ ಇತ್ತು. ಬಾಗಿಲ ಚೌಕಟ್ಟು ಕಟ್ಟಿ ಮುಗಿಸಿದ ಮೇಲೆ ಕಿವಿಯ ಮೇಲಿನ ಬೀಡಿ ತೆಗೆದು, ಅದರ ಎಲೆಯ ತುದಿ ಹರಿದು, ಸೇರುವೆಯಲ್ಲಿ ತೂರಿಸಿ ನೋಡುತ್ತಿದ್ದರು. ಎಲೆ ತೂರಿದರೆ ಇಡೀ ಚೌಕಟ್ಟನ್ನು ಬಿಚ್ಚಿಸುತ್ತಿದ್ದರು. ಸಂದು ಕಂಡರೆ ಅದು ಬಡಗಿಯ ಕೆಲಸವಲ್ಲ, ಸೌದೆ ಒಡೆಯುವವನ ಕೆಲಸ ಎನ್ನುತ್ತಿದ್ದರು. ಅಷ್ಟು ವರ್ಷ ಹಾಗೆ ಕೆಲಸ ಮಾಡಿದ ಕೈ ನನ್ನದು. ಮೂರು ಗೋಡೆಯ ಮೇಲೆ ಕ್ಲಿಪ್ಪು ಹಾಕುವ ಮುಂಚೆ ಬಾಯಿ ಬಿಟ್ಟುಕೊಂಡಿದ್ದ ಆ ಸಂದುಗಳನ್ನು ನೋಡಿದಾಗಲೆಲ್ಲ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ನಾಲ್ಕನೇ ಗೋಡೆಯಲ್ಲಿ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ ಕೊಡತಿಯಿಂದ ತಟ್ಟಿದೆ. ಕೊನೆಗೆ ತಿರುವಿನ ಹತ್ತಿರ ಎರಡೂ ಹಳಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಉಳಿಯಿತು. ಪಟ್ಟಿಯಿಂದ ಎರಡು ತುಂಡು ಕೊಯ್ದು, ಅರದಿಂದ ಉಜ್ಜಿ, ಬಿಗಿಯಾಗಿ ಕೂರಿಸಿದೆ. ಬೀಡಿ ಎಲೆಯಲ್ಲ, ಕೂದಲೂ ತೂರದು. ಮೇಲೆ ಕ್ಲಿಪ್ಪು ಹಾಕಿದೆ. ನನಗೇ ಖುಷಿಯಾಯಿತು. ಏಣಿ ಇಳಿದು ದೂರ ನಿಂತು ಒಂದು ಗಳಿಗೆ ನೋಡಿದೆ.

ಮಾರನೆಯ ದಿನ ತಂಗಿ ಬಂದು ಸೇರುವೆಗಳಿಗೆ ಕರೆಂಟು ಹಾಯುವ ತಂತಿ ಬೆಸೆದಳು. ಕ್ಲಿಪ್ಪಿನಡಿ ಏನಿದೆಯೆಂದು ಕಾಣುವಂತಿರಲಿಲ್ಲ.

"ಸಂದು ಬುಟ್ಟಿದ್ದೀಯ ತಾನೇ?"

"ಊಂ, ಬುಟ್ಟಿವ್ನಿ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಆ ಸುಳ್ಳು ನನಗೆ ಅವತ್ತು ಸುಳ್ಳಿನ ಹಾಗೆ ಅನ್ನಿಸಲೂ ಇಲ್ಲ. ಒಳ್ಳೆಯ ಕೆಲಸ ಮಾಡಿದ್ದೇನೆ, ಇವಳಿಗೆ ಮರ, ಲೋಹ ಏನು ತಿಳಿದೀತು ಎಂದುಕೊಂಡಿದ್ದೆ.

ಅದರ ಮರುದಿನ ಬೆಳಗ್ಗೆ ರೈಲು ಓಡಿತು. ನೀಲಿ ಇಂಜಿನ್ನು, ಹಿಂದೆ ನಾಲ್ಕು ಬೋಗಿ. ಮೂಲೆಯಲ್ಲಿ ತಿರುಗುವಾಗ ಸಣ್ಣಗೆ ಕಿರ್ರೆನ್ನುತ್ತಿತ್ತು. ಇಡ್ಲಿ ತಿನ್ನುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು. ಮಧ್ಯಾಹ್ನ ಅಡುಗೆಮನೆ ಗೋಡೆಯ ನಡುವಿನಲ್ಲಿ ಎರಡನೇ ಬೋಗಿ ಹಳಿ ಬಿಟ್ಟಿತು. ಸಂಜೆ ಸರಿಯಾಗಿ ಓಡಿತು. ಮಾರನೆಯ ಬೆಳಗ್ಗೆಯೂ ಓಡಿತು. ಮಧ್ಯಾಹ್ನ ಮತ್ತೆ ಬಿತ್ತು.

ಅಲ್ಲಿಂದ ತಂಗಿಯ ಹುಡುಕಾಟ ಶುರುವಾಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕಣ್ಣು ಹೊಳೆಯುತ್ತಿತ್ತು. ಮೊದಲು ಬೋಗಿಗಳ ಸಾಲು ಬದಲಿಸಿದಳು. ಒಂದೇ ಬೋಗಿ ಎಲ್ಲೆಂದರಲ್ಲಿ ಬಿದ್ದರೆ ತಪ್ಪು ಬೋಗಿಯದು, ಬೇರೆ ಬೇರೆ ಬೋಗಿ ಒಂದೇ ಜಾಗದಲ್ಲಿ ಬಿದ್ದರೆ ತಪ್ಪು ಹಳಿಯದು, ಇದು ಅವಳ ಲೆಕ್ಕ. ಬಿದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿದಳು. ಗುರುತೆಲ್ಲ ಅಡುಗೆಮನೆ ಗೋಡೆಯ ಮೇಲೇ ಬಂದವು. ಹಾಗಾದರೆ ಹಳಿಯದೇ ತಪ್ಪು ಎಂದು ಬೆಳಗ್ಗೆ ಗಿರಾಕಿಗಳು ಬರುವ ಮೊದಲು ಏಣಿ ಹತ್ತಿ ಅಳತೆಯ ತಗಡು ಎಳೆದಳು. ಎಲ್ಲೂ ಸಿಕ್ಕಲಿಲ್ಲ. ರಸಮಟ್ಟ ಇಟ್ಟಳು, ಗುಳ್ಳೆ ನಡುವಿನಲ್ಲೇ ನಿಂತಿತು. ಮೈ ಕಳಚಿದ, ಬರೀ ಗಾಲಿಯ ಬೋಗಿಯೊಂದನ್ನು ಬೆರಳಲ್ಲಿ ತಳ್ಳಿ, ಕಿವಿ ಇಟ್ಟು ಕೇಳಿದಳು. ಏನೂ ಇಲ್ಲ. ಎಣ್ಣೆಯ ಜಿಡ್ಡು ಕೂತಿರಬೇಕೆಂದು ಸೀಮೆಎಣ್ಣೆ ಬಟ್ಟೆಯಲ್ಲಿ ಹಳಿ ಒರೆಸಿದಳು. ಬಟ್ಟೆ ಕಪ್ಪಾಯಿತು, ರೈಲು ಮಾತ್ರ ಮಧ್ಯಾಹ್ನ ಬಿತ್ತು. ಬೋಗಿ ಹಗುರವಾಯಿತೆಂದು ಒಳಗೆ ನಟ್ಟುಗಳನ್ನು ಅಂಟಿಸಿ ತೂಕ ಕೂಡಿಸಿದಳು. ಆಗಲೂ ಬಿತ್ತು, ಸದ್ದು ಮಾತ್ರ ಜೋರಾಯಿತು.

"ಮಧ್ಯಾನ ಆದ್ರೆ ಇದುಕ್ಕೆ ಏನಾಯ್ತದಣ್ಣ?" ಎಂದು ನಗುತ್ತಿದ್ದಳು.

ಬಾಣಲೆಯ ಮುಂದೆ ಕೂತ ವಡೆ ಭಟ್ಟರು ಅಲ್ಲಿಂದಲೇ ಕೂಗಿದರು: "ವಡೆ ವಾಸ್ನೆ ಒಡೀತದೆ ಕಣಮ್ಮಿ. ಅಡುಗೆಮನೆ ತಾವ ಬಂದೇಟ್ಗೆ ಇಳ್ಕಳಾನ ಅನ್ಸ್ತದೆ ಅದುಕ್ಕೆ."

"ಇಳ್ಕಳದಾದ್ರೆ ಟಿಕೇಟು ಇಸ್ಕಳಿ ಭಟ್ರೇ!"

ಅವಳಿಗೆ ಅಡ್ಡಿಯಾಗಿದ್ದು ಒಂದೇ. ಗಿರಾಕಿಗಳಿರುವಾಗ ಹಾಲಿನಲ್ಲಿ ಏಣಿ ಹಾಕಕೂಡದೆಂದು ಯಜಮಾನರ ಕಟ್ಟಪ್ಪಣೆ. ಊಟದ ಹೊತ್ತು ಮುಗಿದು, ಒಲೆ ಆರಿಸಿ, ನೆಲ ತೊಳೆದ ಮೇಲೆ ಅವಳು ಏಣಿ ಹತ್ತುವ ಹೊತ್ತಿಗೆ ಹಳಿ ನೆಟ್ಟಗಿರುತ್ತಿತ್ತು. ಬೀಳುವ ಗಳಿಗೆಯಲ್ಲಿ ಹತ್ತಿರದಿಂದ ಅದನ್ನು ನೋಡಿದವರೇ ಇರಲಿಲ್ಲ.

ಅಡುಗೆಮನೆಯ ಮೇಲೊಂದು ಅಟ್ಟವಿದೆ, ಅಕ್ಕಿ ಮೂಟೆ ಇಡುವ ಜಾಗ. ಅಲ್ಲಿಂದ ಹಾಲಿನ ಕಡೆಗೆ, ಹಳಿಯ ಮಟ್ಟಕ್ಕೇ, ಒಂದು ಗವಾಕ್ಷಿ. ಒಂದು ಮುಖ ಹಿಡಿಸುವಷ್ಟು.

"ನೀನು ಅಟ್ಟದಿಂದ ನೋಡಣ್ಣ. ಮರ ಸೊಟ್ಟಗಿದ್ರೆ ನಿನ್ ಕಣ್ಗೆ ಬೀಳ್ದಂಗಿರಾಕಿಲ್ಲ. ನಾನು ಕೆಳಗಿಂದ ಓಡುಸ್ತೀನಿ" ಎಂದಳು.

ಆವತ್ತು ಅಂಗಡಿ ಮುಚ್ಚಿ ಬಂದಿದ್ದಳು. ಊಟದ ಹೊತ್ತು, ಹೋಟೆಲು ತುಂಬಿತ್ತು. ನಾನು ಮೂಟೆಗಳ ಮೇಲೆ ಬೋರಲು ಮಲಗಿ ಗವಾಕ್ಷಿಗೆ ಮುಖ ಕೊಟ್ಟೆ. ಕೆಳಗಿನ ಒಲೆಯ ಕಾವು ಗೋಡೆಯಿಂದ, ಮಧ್ಯಾಹ್ನದ ಬಿಸಿಲು ತಗಡಿನಿಂದ. ಕೆನ್ನೆ ಸುಡುತ್ತಿತ್ತು. ಹಲಗೆಯ ಏರುತಗ್ಗು ನೋಡುವಾಗ ಮಾಡುವಂತೆ ಒಂದು ಕಣ್ಣು ಮುಚ್ಚಿ ಹಳಿಯ ಉದ್ದಕ್ಕೂ ನೋಡಿದೆ.

ಹಳಿ ನೆಟ್ಟಗಿರಲಿಲ್ಲ. ಗೋಡೆಯ ನಡುವಿನಲ್ಲಿ ಎರಡು ಅಡ್ಡಪಟ್ಟಿಗಳನ್ನು ಸರಿಸಿಕೊಂಡು ಹೊರಕ್ಕೆ ಬಾಗಿತ್ತು, ಮಲಗಿದ ಮರಿಹಾವು ಮಗ್ಗುಲು ಬದಲಿಸಿದಷ್ಟು. ಕೈ ತೂರಿಸಿ ಬೆರಳು ಮುಟ್ಟಿಸಿದೆ. ಟೀ ಲೋಟದಷ್ಟು ಬಿಸಿ. ರೈಲು ಬಂತು. ಇಂಜಿನ್ನು ಭಾರವಿತ್ತು, ದಾಟಿಕೊಂಡಿತು. ಮೊದಲ ಬೋಗಿಯ ಗಾಲಿ, ಅದರ ಒಳಮಗ್ಗುಲಿನ ಎತ್ತರದ ಅಂಚು ಬಾಗಿದ ಹಳಿಗೆ ತಾಗಿ, ಮೆಲ್ಲಗೆ ಹತ್ತಿ, ಹಳಿಯ ತಲೆಯ ಮೇಲೇ ತುಸು ದೂರ ನಡೆಯಿತು. ತಂತಿಯ ಮೇಲೆ ನಡೆಯುವ ದೊಂಬರವರ ಹಾಗೆ. ಆಮೇಲೆ ಆಚೆ ಇಳಿಯಿತು. ಎಂಥ ಸೋಜಿಗ ಅದು! ಬೀಳುತ್ತಿದೆಯೆಂಬುದೇ ಮರೆತು ನೋಡಿದೆ. ಹಿತ್ತಾಳೆ ಬೆಳೆದಿತ್ತು. ನಾನು ಅದಕ್ಕೆ ಬೆಳೆಯಲು ಜಾಗ ಬಿಟ್ಟಿರಲಿಲ್ಲ, ಅದು ಜಾಗ ಹುಡುಕಿಕೊಂಡು ಪಕ್ಕಕ್ಕೆ ಹೋಗಿತ್ತು.

ಹಲಗೆಯ ಅಂಚಿಗೆ ತಡೆಪಟ್ಟಿ ಹೊಡೆಯುವುದೊಂದು ಆ ಗೋಡೆಗೆ ಬಾಕಿ ಇತ್ತು. ಇಷ್ಟು ದಿನ ಹಲಗೆಯ ಮೇಲೇ ಮಗುಚುತ್ತಿದ್ದ ಬೋಗಿ ಈ ಸಲ ಅಂಚು ದಾಟಿತು. ಕೆಳಗೆ ಸಪ್ಲೈಯರ್ ಸಾಂಬಾರಿನ ಬಕೆಟ್ಟು ಹಿಡಿದು ಹೋಗುತ್ತಿದ್ದ. ಬೋಗಿ ನೇರ ಅದರೊಳಕ್ಕೆ ಬಿತ್ತು.

"ಅಯ್ಯಯ್ಯೋ, ಸಾಂಬಾರ್‌ಗೆ ರೈಲು ಬಿತ್ತು!" ಎಂದು ಅವನು ಕೂಗಿದ್ದಕ್ಕೆ ಹಾಲಿನವರೆಲ್ಲ ನಕ್ಕರು. ಯಜಮಾನರು ನಗಲಿಲ್ಲ. ಆ ಬಕೆಟ್ಟಿನ ಪಕ್ಕದ ಮೇಜಿನಲ್ಲಿ ತಾಯಿಯೊಬ್ಬರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಾನು ಅಟ್ಟದಿಂದ ಇಳಿದು ಬಂದಾಗ ತಂಗಿ ಓಡಿಬಂದಳು. "ಏನ್ ಕಾಣ್ತಣ್ಣ? ಎಂಗ್ ಬಿತ್ತು?"

ಬಾಯಿಗೆ ಬಂದಿತ್ತು. ಅಡುಗೆಮನೆಯವರು ನಿಂತಿದ್ದರು, ಭಟ್ಟರು ನೋಡುತ್ತಿದ್ದರು. ದೊಡ್ಡವನು ನಾನು, ಬಡಗಿ ನಾನು. "ಏನೂ ಕಾಣ್ನಿಲ್ಲ ಕಣವ್ವ" ಎಂದೆ. "ಬಂತು, ಬಿತ್ತು, ಅಷ್ಟೇಯ."

ಗಿರಾಕಿಗಳು ಕರಗಿದ ಮೇಲೆ ಏಣಿ ಹಾಕಿದೆವು. ಕಾವಿಳಿದು ಹಳಿ ಆಗಲೇ ನೆಟ್ಟಗಾಗಿತ್ತು. ಯಜಮಾನರು ಬಂದು ನಿಂತರು.

"ಏನಮ್ಮಾ ಇದು? ಬಿದ್ದಿದ್ದು ಬಕೀಟ್ಗೆ. ಆ ಮಗೂ ತಲೆ ಮ್ಯಾಲೆ ಬಿದ್ದಿದ್ರೆ? ಎಣ್ಮಕ್ಳು ಕೈಲಿ ಆಗೋ ಕೆಲ್ಸ ಅಲ್ಲ ಅಂತ ಎಲ್ರೂ ಏಳಿದ್ರು, ನಾನೇ ಕೇಳ್ನಿಲ್ಲ. ಶನಿವಾರದೊಳ್ಗೆ ಸರಿ ಮಾಡು. ಇಲ್ದಿದ್ರೆ ಎಲ್ಲಾನೂ ಕಿತ್ಕಂಡು ನಡಿ."

"ನನ್ ಗಾಲಿ ಲೆಕ್ಕಾನೇ ತೆಪ್ಪಿರ್ಬೇಕು ಯಜಮಾನ್ರೇ" ಎಂದಳು ತಂಗಿ. "ಹಳಿ ಎಲ್ಲಾ ನೋಡಿವ್ನಿ, ಸರಿಯಾಗೇ ಐತೆ. ಅಣ್ಣಂದು ಒಳ್ಳೆ ಕೆಲ್ಸ."

ನಾನು ಏಣಿಯ ಕಾಲು ಬಿಗಿಯಾಗಿ ಹಿಡಿದೆ. ಅಲುಗದ ಏಣಿಯನ್ನು ಹಿಡಿದು ನಿಲ್ಲುವುದು ಎಂಥ ಕೆಲಸವೋ!

ಮಳವಳ್ಳಿ ಬಸ್ಸಿನಲ್ಲಿ ಅವಳು ಇಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಗಾಲಿಯನ್ನು ಉಗುರಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಂಚು ಇನ್ನೂ ಎತ್ತರವಿರಬೇಕು, ಎಲ್ಲ ಗಾಲಿಯನ್ನೂ ಹೊಸದಾಗಿ ಕಡೆಸುತ್ತೇನೆ ಎಂದಳು. ಮಾರನೆಯ ದಿನವೇ ಮಂಡ್ಯದಲ್ಲಿ ಲೇತ್ ಇಟ್ಟಿರುವ ಸಾಹೇಬರೊಬ್ಬರ ಹತ್ತಿರ ಹೋದಳು. ರಿಪೇರಿಗೆ ಬಂದ ಮೋಟರುಗಳು ಅಂಗಡಿಯಲ್ಲಿ ಹಾಗೇ ಬಿದ್ದಿದ್ದವು. ಕೆಟ್ಟಿಲ್ಲದ ಗಾಲಿಗಳನ್ನು ಅವಳು ಕಳಚಿ ಗುಡ್ಡೆ ಹಾಕಿದ್ದಳು.

ಹೇಳಿಬಿಡಬೇಕೆಂದು ಅವಳ ಅಂಗಡಿಯ ಬಾಗಿಲವರೆಗೆ ಹೋದೆ. ಆದರೆ ನನ್ನ ಮನಸ್ಸು ಬೇರೊಂದು ದಾರಿ ತೋರಿಸಿತು. ಹೇಳುವುದು ಯಾಕೆ, ಸರಿ ಮಾಡಿಬಿಟ್ಟರೆ ಸಾಕಲ್ಲ?

ಶುಕ್ರವಾರ ಮೊದಲ ಬಸ್ಸಿಗೆ ಮದ್ದೂರಿಗೆ ಹೋದೆ. ತಡೆಪಟ್ಟಿ ಹೊಡೆಯುವುದಿದೆ ಎಂದು ಭಟ್ಟರಿಗೆ ಹೇಳಿ ಏಣಿ ಹತ್ತಿದೆ. ತಡೆಪಟ್ಟಿ ಹೊಡೆದದ್ದೂ ನಿಜ. ಅದಾದ ಮೇಲೆ ಅವಳು ಬೆಸೆದ ತಂತಿಗೆ ಪೆಟ್ಟಾಗದಂತೆ ಕ್ಲಿಪ್ಪುಗಳನ್ನು ಸರಿಸಿದೆ. ಆ ಎರಡು ತುಂಡುಗಳನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಬೆಳಗಿನ ತಂಪಿನಲ್ಲಿ ಸುಲಭವಾಗಿ ಬಂದವು. ಪಟ್ಟಿಗಳನ್ನು ಗಾಡಿಯಲ್ಲೇ ಒಂದೊಂದಾಗಿ ಜರುಗಿಸಿ, ಪ್ರತಿ ಸೇರುವೆಯಲ್ಲೂ ಹ್ಯಾಕ್ಸಾ ಬ್ಲೇಡು ಇಟ್ಟು ನೋಡಿ, ಉಳಿದ ಜಾಗವನ್ನು ಎಲ್ಲಕ್ಕೂ ಹಂಚಿದೆ. ಜರುಗಿದ ಅಡ್ಡಪಟ್ಟಿಗಳಿಗೆ ಮತ್ತೆ ಮೊಳೆ ಹೊಡೆದೆ. ಕ್ಲಿಪ್ಪು ಮುಚ್ಚಿದೆ. ತುಂಡುಗಳು ಅಂಗಿಯ ಜೇಬಿಗೆ ಹೋದವು. ನನ್ನ ಕೈ ಅಷ್ಟು ಸಂದು ಬಿಟ್ಟದ್ದು ಅದೇ ಮೊದಲು.

ಶನಿವಾರ ತಂಗಿ ಹೊಸ ಗಾಲಿಗಳೊಂದಿಗೆ ಬಂದಳು. ಬೆಳಗ್ಗೆಯಿಂದ ರೈಲು ಓಡಿತು. ಊಟದ ಹೊತ್ತು ಬಂತು. ಒಲೆ ಉರಿಯುತ್ತಿತ್ತು, ತಗಡು ಕಾದಿತ್ತು. ಯಜಮಾನರು ಗಲ್ಲಾ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. ಸುತ್ತಿನ ಮೇಲೆ ಸುತ್ತು ಹೊಡೆಯಿತು ರೈಲು. ಅಡುಗೆಮನೆ ಗೋಡೆಗೆ ಬಂದಾಗಲೆಲ್ಲ ಸಪ್ಲೈಯರ್ ಬಕೆಟ್ಟಿಗೆ ಕೈ ಮುಚ್ಚುತ್ತಿದ್ದ. ಬೀಳಲಿಲ್ಲ.

"ಗೆದ್ಬುಟ್ಟೆ ಕಣವ್ವ!" ಎಂದು ಯಜಮಾನರು ತಾವೇ ವಡೆ ತಂದು ಅವಳ ಮುಂದಿಟ್ಟರು. "ನಾಳೆ ಭಾನುವಾರ. ಜನ ಬರ್ಲಿ."

ನನಗೆ ಹೊತ್ತ ಮೂಟೆ ಇಳಿಸಿದ ಹಾಗಾಯಿತು. ಇನ್ನು ಯಾರಿಗೂ ತಿಳಿಯಬೇಕಾಗಿಲ್ಲ.

ತಂಗಿ ವಡೆ ಮುಟ್ಟಲಿಲ್ಲ. ರೈಲು ನಿಲ್ಲಿಸಿ, ಗಿರಾಕಿಗಳು ಕಡಿಮೆಯಾದ ಕೂಡಲೇ ಯಜಮಾನರನ್ನು ಕಾಡಿ ಏಣಿ ಹಾಕಿಸಿಕೊಂಡಳು. ಒಂದು ಬೋಗಿ ಇಳಿಸಿ, ಚೀಲದಿಂದ ಹಳೇ ಗಾಲಿ ತೆಗೆದು ಹಾಕಿದಳು. ಓಡಿಸಿದಳು. ಬೀಳಲಿಲ್ಲ. ಇನ್ನೊಂದು ಬೋಗಿಗೂ ಹಾಕಿದಳು. ಆಮೇಲೆ ನಾಲ್ಕಕ್ಕೂ. ಒಲೆ ಇನ್ನೂ ಉರಿಯುತ್ತಿತ್ತು. ಹಳೇ ಗಾಲಿಯ ರೈಲು ಆ ಗೋಡೆಯ ಮೇಲೆ ಹಾಯಾಗಿ ಹೋಯಿತು.

ಅವಳು ಸ್ವಿಚ್ಚು ಆರಿಸಿದಳು.

"ಯಜಮಾನ್ರೇ, ನಾಳೆ ಓಡ್ಸಾದ್ ಬ್ಯಾಡ."

"ಯಾಕಮ್ಮಾ? ಸರಿಯಾಗೇ ಓಡ್ತಾ ಐತಲ್ಲ!"

"ಹಳೇ ಗಾಲೀಲೂ ಓಡ್ತಾ ಐತೆ. ಅಂದ್ರೆ ಗಾಲಿಯಿಂದ ಬೀಳ್ತಿರ್ನಿಲ್ಲ. ಯಾಕ್ ಬೀಳ್ತಿತ್ತು ಅಂತ ನಂಗೆ ಗೊತ್ತಿಲ್ಲ, ಯಾಕ್ ನಿಲ್ತು ಅಂತಾನೂ ಗೊತ್ತಿಲ್ಲ. ಅಂತಾದ್ದ ಮಕ್ಳ ತಲೆ ಮ್ಯಾಲೆ ಎಂಗ್ ಓಡುಸ್ಲಿ? ಕಿತ್ಕಂಡ್ ಓಯ್ತೀನಿ. ಗೊತ್ತಾದ್ಮೇಲೆ ತತ್ತೀನಿ."

ಯಜಮಾನರ ಮುಖ ಕೆಂಪಾಯಿತು. "ತಲೆ ಕೆಟ್ಟೈತೇನಮ್ಮಾ ನಿಂಗೆ? ಕಿತ್ಕಂಡ್ ಓದ್ರೆ ಮತ್ತೆ ತರಾದ್ ಬ್ಯಾಡ, ಅಷ್ಟೇಯ."

ಅವಳು ಆಗಲೇ ಏಣಿಗೆ ಕಾಲಿಟ್ಟಿದ್ದಳು. ನಾನು ಕದ್ದು ಸರಿ ಮಾಡಿದ್ದು ರೈಲನ್ನು ಮಾತ್ರ. ಅವಳ ಕೈಯಿಂದ ಕಾರಣವನ್ನು ಕಿತ್ತುಕೊಂಡಿದ್ದೆ. ಅದಿಲ್ಲದೆ ಅವಳಿಗೆ ಆ ರೈಲು ತನ್ನದು ಅನ್ನಿಸುವಂತಿರಲಿಲ್ಲ.

"ಇಳಿ ಕಣವ್ವ" ಎಂದೆ. ಜೇಬಿಗೆ ಕೈ ಹಾಕಿ ಎರಡೂ ತುಂಡುಗಳನ್ನು ವಡೆಯ ತಟ್ಟೆಯ ಪಕ್ಕ ಇಟ್ಟೆ.

ಅವಳು ಇಳಿದು ಬಂದು ಒಂದನ್ನು ಕೈಗೆತ್ತಿಕೊಂಡಳು. ಅರ ಹಾಕಿದ ಅಂಚನ್ನು ಹೆಬ್ಬೆರಳಲ್ಲಿ ಸವರಿದಳು. "ಇದೆಲ್ಲಿತ್ತು?"

"ಅಡುಗೆಮನೆ ಗೋಡೇಲಿ. ತಿರುವಿನ ತಾವ."

"ಸೇರೋ ತಾವೆಲ್ಲ?"

"ಎಲ್ಲಾ ಬಿಗಿಯಾಗೇ ಇತ್ತು. ನಿನ್ನೆ ಬೆಳಿಗ್ಗೆ ಬಂದು ಬುಡಿಸ್ದೆ."

"ಬಿಸಿಗೆ ಎಷ್ಟು ಬಾಗಿತ್ತು? ಅಟ್ಟದಿಂದ ಕಂಡಿತ್ತಾ?"

"ಬೆರಳು ದಪ್ಪ. ಗಾಲಿ ಅದ್ರ ತಲೆ ಮ್ಯಾಲತ್ತಿ ನಡೀತು."

"ತಲೆ ಮ್ಯಾಲೆ ನಡೀತಾ?" ಒಂದು ಗಳಿಗೆ ಅವಳ ಕಣ್ಣು ಮೊದಲಿನ ಹಾಗೆ ಹೊಳೆಯಿತು. ಆಮೇಲೆ ಅದು ಆರಿತು. ತುಂಡನ್ನು ತಟ್ಟೆಯ ಪಕ್ಕ ಹಿಂದಕ್ಕಿಟ್ಟಳು. "ಮಟ್ಟ ನೋಡ್ದೆ, ತೂಕ ನೋಡ್ದೆ, ಜಿಡ್ಡು ನೋಡ್ದೆ, ಗಾಲಿನೂ ನೋಡ್ದೆ. ಬುಟ್ಟಿವ್ನಿ ಅಂದ್ಯಲ್ಲಣ್ಣ, ಆ ಮಾತೊಂದ ನೋಡ್ನಿಲ್ಲ."

ಯಜಮಾನರು ಅಲ್ಲೇ ಇದ್ದರು. ಭಟ್ಟರು ಜಾಲರಿ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು. ನಮ್ಮ ಕಡೆ ಅಣ್ಣನಾದವನು ತಂಗಿಗೆ ತಪ್ಪಾಯಿತೆನ್ನುವುದಿಲ್ಲ. ಸೀರೆ ತಂದುಕೊಡುತ್ತಾನೆ, ಊಟಕ್ಕೆ ಕರೆಯುತ್ತಾನೆ, ಅವಳು ಅರ್ಥ ಮಾಡಿಕೊಳ್ಳಬೇಕು. ಆದರೆ ಅವಳನ್ನು ಬೈದದ್ದು ಇದೇ ಜಾಗದಲ್ಲಿ, ಇದೇ ಜನರೆದುರು. ನಾನು ಯಜಮಾನರ ಕಡೆ ತಿರುಗಿ, "ಬಿದ್ದಿದ್ದು ನನ್ ಕೆಲ್ಸದಿಂದ ಯಜಮಾನ್ರೇ, ಅವಳದಲ್ಲ" ಎಂದೆ. ಮತ್ತೆ ಅವಳ ಕಡೆ ತಿರುಗಿದೆ. ಅಡುಗೆಮನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಸಂದು ಬುಡು ಅಂದೆ, ಬುಡ್ನಿಲ್ಲ. ಬುಟ್ಟಿವ್ನಿ ಅಂತ ಸುಳ್ಳೇಳ್ದೆ. ಕಂಡಿದ್ದ ಕಾಣ್ನಿಲ್ಲ ಅಂದೆ. ನಿನ್ನ ಬೈಯ್ಯೋವಾಗ ಏಣಿ ಇಡ್ಕಂಡು ನಿಂತಿದ್ದೆ. ತೆಪ್ಪಾಯ್ತು ಕಣವ್ವ."